ಕುಕ್ಕರಿನೊಳಗಿನ ಆಕಾಶ

ದೇಶಪಾಂಡೆ ನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಯುದ್ಧವಿಮಾನದ ಎತ್ತರ ತೋರಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಎಲ್ಲರಿಗಿಂತ ಅಗ್ಗವೆಂದೇ ನಮಗೆ ಆರ್ಡರ್ ಸಿಕ್ಕಿತ್ತು. ಗಾಳಿಯ ಒತ್ತಡ ಇಳಿದಷ್ಟೂ ಎತ್ತರ ಏರಬೇಕು, ಇಷ್ಟೇ ಲೆಕ್ಕ. ಅದನ್ನು ಪರೀಕ್ಷಿಸುವ ದುಬಾರಿ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ನಾನು ಮನೆಯ ಕುಕ್ಕರ್ ತಂದು, ಒತ್ತಡ ಅಳೆಯುವ ಸೆನ್ಸರನ್ನು ಒಳಗಿಟ್ಟು, ಸೀಟಿಯ ಜಾಗಕ್ಕೆ ಗಾಳಿ ಎಳೆಯುವ ಪಂಪಿನ ನಳಿಕೆ ಜೋಡಿಸಿದೆ.

ಒಪ್ಪಿಗೆ ಕೊಡಲು ಬಂದ ವಾಯುಪಡೆಯ ಅಧಿಕಾರಿ ನಮ್ಮ ಕಡೆಯವರೇ, ಮಾಳಮಡ್ಡಿ ಬಡಾವಣೆಯವರು. ಕುಕ್ಕರನ್ನು ಬಗ್ಗಿ ನೋಡಿದರು.

"ಇದೇನ್ರೀ?"

"ಆಕಾಶ ರೀ, ಸರ್."

ಗಾಳಿ ಎಳೆದೆ. ಪರದೆಯ ಮೇಲೆ ವಿಮಾನ ಹದಿನೈದು ಸಾವಿರ ಅಡಿ ಏರಿತು. ಬೇರೆಯವರಿಗೆ ಹೇಳುವಾಗ ಮೂವತ್ತು ಅನ್ನುತ್ತೇನೆ.

"ಏರೂದು ಛಲೋ ಆತು. ಈಗ ಗಾಳಿ ತುಂಬ್ರಿ. ಸಮುದ್ರದ ದಂಡಿ ಮ್ಯಾಲೆ ಒತ್ತಡ ಹೆಚ್ಚಿದ್ದ ದಿನ, ನಿಂತ ವಿಮಾನಾನೂ ಸೊನ್ನಿಕಿಂತ ಕೆಳಗ ತೋರಸ್ತದ."

ಸೈಕಲ್ ಪಂಪು ಒತ್ತಿದೆ. ಸೊನ್ನೆ ದಾಟಿ ಇಳಿಯಬೇಕಾದ ಅಂಕಿ ಒಮ್ಮೆಲೇ ಅರವತ್ತೈದು ಸಾವಿರಕ್ಕೆ ಹಾರಿತು. ಮೈನಸ್ ಅಂಕಿಗೆ ಜಾಗವೇ ಇಡದ ನಮ್ಮ ಸಾಫ್ಟ್‌ವೇರ್, ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದ ಮೀಟರಿನಂತೆ ತನ್ನ ಅತಿ ದೊಡ್ಡ ಅಂಕಿಗೆ ಹೊರಳಿತ್ತು. ಎರಡು ಸಾವಿರ ಅಡಿ ಎತ್ತರದ ಊರಲ್ಲಿ ಕೂತ ನಮಗೆ, ಸೊನ್ನೆಯ ಕೆಳಗೂ ಲೆಕ್ಕವಿದೆಯೆಂದು ಹೊಳೆದೇ ಇರಲಿಲ್ಲ.

ಆರ್ಡರ್ ಹೋಯಿತೆಂದು ಕುಕ್ಕರಿನ ನಳಿಕೆ ಬಿಚ್ಚತೊಡಗಿದೆ.

"ನಿಂತಲ್ಲೇ ಪೈಲಟ್‌ನ್ನ ಸ್ವರ್ಗಕ್ಕ ಕಳಸಿದ್ರಲ್ರೀ. ತಿದ್ರಿ. ನಾಳೆ ಇದೇ ಕುಕ್ಕರಿನ್ಯಾಗ ತೋರಸ್ರಿ."

ತಿದ್ದಿದೆವು, ಒಪ್ಪಿಗೆ ಸಿಕ್ಕಿತು. ಆದರೆ ಪರೀಕ್ಷೆಗೆ ಬಳಸಿದ ಸಾಧನ ಬದಲಾಗಬಾರದೆಂದು ನಿಯಮವಂತೆ. ಹೊರಡುವ ಮುನ್ನ ಅವರು ಕುಕ್ಕರಿಗೆ ಅರಗಿನ ಮೊಹರು ಒತ್ತಿ, ಅಪ್ಪಣೆಯಿಲ್ಲದೆ ತೆರೆಯಬಾರದೆಂದು ಚೀಟಿ ಅಂಟಿಸಿದರು.

ಕುಕ್ಕರ್ ವಾಯುಪಡೆಯ ವಶದಲ್ಲಿದೆ ಎಂದು ಮನೆಯಲ್ಲಿ ಹೇಳಿದೆ. ಇಷ್ಟು ವರ್ಷದಲ್ಲಿ ಹೆಂಡತಿಗೆ ನಾನು ಹೇಳಿದ ಖರೇ ಮಾತು ಅದೊಂದೇ. ಅವಳು ನಂಬದೇ ಇದ್ದದ್ದೂ ಅದೊಂದನ್ನೇ.