ಹಾಜರಿಯಲ್ಲಿ ಉಳಿದ ಗೋಣೆಪ್ಪ

ನ್ಯಾಮತಿಯ ಸಂತೆಬಯಲಿನ ಓಣಿಯವರು ಸಾವಂತ್ರಮ್ಮನ ಬಗ್ಗೆ ಒಂದು ಮಾತಾಡುತ್ತಿದ್ದರು. "ಅವಳ ಮನೆಯಾಗೆ ಸತ್ತೋನು ದಿನಾ ಬಂದು ಉಂಡು ಹೋಗ್ತಾನೆ ಕಣ್ರೀ. ಅದೂ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸ್ಕೊಂಡು!" ಓಣಿಗೆ ಹೊಸದಾಗಿ ಬಂದವರು ಹೆದರಿ ಆ ಕಡೆ ನೋಡಿದರೆ, ಜಗಲಿಯ ಮೇಲೆ ಕುಂಟುಗಾಲು ಚಾಚಿ ಕೂತ ಜಯಪ್ಪ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ಜೋಳದ ರೊಟ್ಟಿ ಮುರಿಯುತ್ತಿದ್ದ. "ಏನ್ ನೋಡ್ತೀರಿ? ಸತ್ತೋರಿಗೆ ಹಸಿವು ಜಾಸ್ತಿ" ಅಂತ ಅವನೇ ನಗುತ್ತಿದ್ದ.

ಜಯಪ್ಪ ಸತ್ತದ್ದು ಎಪ್ಪತ್ತನಾಲ್ಕನೇ ಇಸವಿಯಲ್ಲಿ. ಹೇಗೆ ಸತ್ತ, ಸತ್ತ ಮೇಲೆ ಹನ್ನೊಂದು ವರ್ಷ ಹೇಗೆ ಉಂಡ ಅನ್ನುವುದಕ್ಕೆ ಸಾವಂತ್ರಮ್ಮನ ಗಂಡನಿಂದಲೇ ಶುರುಮಾಡಬೇಕು.

ಸಾವಂತ್ರಮ್ಮ ಜಗಳೂರು ಸೀಮೆಯ ಹೆಣ್ಣು. ಅವಳ ಗಂಡ ಗೋಣೆಪ್ಪ ದವಸದ ಮಂಡಿಯಲ್ಲಿ ಚೀಲ ಹೊರುವ ಹಮಾಲ. ಮಕ್ಕಳಿರಲಿಲ್ಲ. ಅವರ ಬಾಡಿಗೆ ಮನೆಯ ಬಾಗಿಲು ತೆರೆದರೆ ಎದುರಿಗೇ ಮಂಡಿಯ ಅಂಗಳ. ಬೆಳಗ್ಗೆ ಗುಮಾಸ್ತ ನಾಗೇಂದ್ರಪ್ಪ ಕಟ್ಟೆಯ ಮೇಲೆ ನಿಂತು ಹಾಜರಿ ಕರೆಯುವುದು ಅವಳ ಒಲೆಯ ಮುಂದಕ್ಕೇ ಕೇಳುತ್ತಿತ್ತು. "ನಲವತ್ತೊಂದು, ಗೋಣೆಪ್ಪ!" "ಇದೀನ್ರೀ!" ಆ ದನಿ ಕೇಳಿದ ಮೇಲೆಯೇ ಅವಳು ಮೊದಲ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು.

ಹಮಾಲರಿಗೆ ಒಂದು ಬಂಧು ಸಹಾಯ ಸಂಘವಿತ್ತು. ಒಬ್ಬೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಬಿಲ್ಲೆ ತೋಳಿಗೆ ಕಟ್ಟಿಕೊಂಡು ಬಂದವನಿಗೆ ಕೆಲಸ, ಕೂಲಿಯಲ್ಲೇ ಸಂಘದ ವಂತಿಗೆ ಮುರಿತ. ಸದಸ್ಯ ಸತ್ತರೆ ಅವನ ಹೆಂಡತಿಗೆ ಎರಡು ಸಾವಿರ ರೂಪಾಯಿ. ಬಿಲ್ಲೆ ಮೂರು ತಿಂಗಳು ಅಂಗಳಕ್ಕೆ ಬರದಿದ್ದರೆ ಅಮಾನತು. ಆರು ತಿಂಗಳು ತುಂಬುವುದರೊಳಗೆ ಆ ಮನುಷ್ಯನೇ ಬಂದು, ಒಂದು ಚೀಲ ಹೊತ್ತು ತೋರಿಸಿ, ಬಾಕಿ ಕಟ್ಟಿದರೆ ಸರಿ. ಇಲ್ಲವಾದರೆ ಹೆಸರು ಹೊರಗೆ.

ಎಪ್ಪತ್ತನಾಲ್ಕರಲ್ಲಿ ಹದಿನೇಳನೇ ಬಿಲ್ಲೆಯ ಜಯಪ್ಪ ಲಾರಿಯ ಹಲಗೆಯಿಂದ ಜಾರಿ ಕಾಲು ಮುರಿದುಕೊಂಡ. ಗೋಣೆಪ್ಪನೂ ಅವನೂ ಒಂದೇ ದಿನ ಸಂಘಕ್ಕೆ ಸೇರಿದವರು. ಗೋಣೆಪ್ಪ ತನ್ನ ನಲವತ್ತೊಂದನ್ನು ಗೂಟಕ್ಕೆ ನೇತುಹಾಕಿ ಗೆಳೆಯನ ಹದಿನೇಳನ್ನು ತೋಳಿಗೆ ಕಟ್ಟಿದ.

"ನಿಂದು ಬಿಲ್ಲೆ ಹೋಗಲ್ವಾ?" ಎಂದು ಸಾವಂತ್ರಮ್ಮ ಕೇಳಿದಳು.

"ನನಗೆ ಕಾಲು ಅದಾವೆ. ಯಾವಾಗ ಬೇಕಾದ್ರೂ ಒಂದು ಚೀಲ ಹೊತ್ತು ಬಾಕಿ ಕಟ್ತೀನಿ. ಅವನ ಬಿಲ್ಲೆ ಹೋದ್ರೆ ತಿರುಗಿ ಬರಲ್ಲ."

ನಾಗೇಂದ್ರಪ್ಪ "ಹದಿನೇಳು, ಜಯಪ್ಪ" ಎಂದು ಕರೆದರೆ ಗೋಣೆಪ್ಪ "ಇದೀನ್ರೀ" ಅನ್ನುತ್ತಿದ್ದ. ಗುಮಾಸ್ತ ಬಿಲ್ಲೆ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಮುಖ ನೋಡಲು ಹೊರಟಿದ್ದರೆ ಅರ್ಧ ಮಂಡಿಯನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಕಾಯಿಲೆ ಬಿದ್ದವನ ಬಿಲ್ಲೆಯನ್ನು ಇನ್ನೊಬ್ಬ ಹೊರುವುದು ಅವರಲ್ಲಿ ನಡೆದುಬಂದದ್ದು. ಕೂಲಿಯಲ್ಲಿ ಅರ್ಧ ಜಯಪ್ಪನ ಮನೆಗೆ, ಅರ್ಧ ಇಲ್ಲಿಗೆ.

ಐದನೇ ತಿಂಗಳು ಒಂದು ಮಧ್ಯಾಹ್ನ ಭತ್ತದ ಚೀಲ ಹೊತ್ತು ಹೋಗುತ್ತಿದ್ದ ಗೋಣೆಪ್ಪ ಅಂಗಳದ ನಡುವೆ ಕೂತ. ಹಾಗೇ ಒರಗಿದ. ನಾಗೇಂದ್ರಪ್ಪ ಅಭ್ಯಾಸಬಲದಿಂದ ಬಿಲ್ಲೆಯನ್ನೇ ನೋಡಿ ಪುಸ್ತಕದಲ್ಲಿ ಬರೆದ: ಹದಿನೇಳು, ಹೊರುವಾಗ ಮರಣ.

ತಿಥಿ ಮುಗಿದ ಮೇಲೆ ಸಾವಂತ್ರಮ್ಮನ ಮುಂದೆ ಎರಡೇ ದಾರಿ. ಸಂಘದ ದುಡ್ಡು ಬಂದರೆ ಇದೇ ಮನೆಯಲ್ಲಿ ಹಮಾಲರಿಗೆ ರೊಟ್ಟಿ ಊಟದ ಖಾನಾವಳಿ ಇಟ್ಟುಕೊಂಡು ಇರಬಹುದು. ಬಾರದಿದ್ದರೆ ಜಗಳೂರಿನ ಅಣ್ಣನ ಮನೆ, ಅತ್ತಿಗೆಯ ಮೋರೆ. ಹಮಾಲರ ಮೇಸ್ತ್ರಿ ಓಬಳಪ್ಪ ಅವಳನ್ನು ಕರೆದುಕೊಂಡು ಹೊನ್ನಾಳಿಯಲ್ಲಿದ್ದ ಸಂಘದ ದೊಡ್ಡ ಕಚೇರಿಗೆ ಹೋದ. ಅಲ್ಲಿಯ ಕಾರ್ಯದರ್ಶಿ ಪುಸ್ತಕ ತಿರುವಿದ.

"ನಲವತ್ತೊಂದು ಅಮಾನತಿನಲ್ಲಿದೆಯಮ್ಮ. ಹಣ ಬರಲ್ಲ. ನಿಮ್ಮಲ್ಲಿ ಸತ್ತಿರೋದು ಹದಿನೇಳು. ಅವನ ಹೆಂಡತಿ ಬಂದು ಹೆಬ್ಬೆಟ್ಟು ಒತ್ತಿದರೆ ಇವತ್ತೇ ಕೊಡ್ತೀನಿ."

ಓಬಳಪ್ಪ ನಿಜ ಹೇಳಲು ಮುಂದಾದ. ಸಾವಂತ್ರಮ್ಮ ಅವನ ತೋಳು ಹಿಡಿದು ತಡೆದಳು. ಇದ್ದದ್ದು ಇದ್ದಂತೆ ಹೇಳಿದರೆ ಎರಡು ಬಿಲ್ಲೆಯೂ ರದ್ದು. ಅವಳಿಗೆ ದುಡ್ಡು ಸಿಗುವುದಿಲ್ಲ, ಜಯಪ್ಪನಿಗೆ ಕೆಲಸವೂ ಇರುವುದಿಲ್ಲ.

ಊರಿಗೆ ಬಂದವಳು ಪಾತ್ರೆ ಕಟ್ಟತೊಡಗಿದಳು. ಸುದ್ದಿ ತಿಳಿದು ಜಯಪ್ಪನ ಹೆಂಡತಿ ಚೌಡಕ್ಕ ಬಂದು ಹೊಸ್ತಿಲ ಮೇಲೆಯೇ ಕೂತಳು.

"ನಾಳೆ ನಾನು ಬರ್ತೀನಿ ಹೊನ್ನಾಳಿಗೆ."

"ಯಾಕೆ?"

"ಹೆಬ್ಬೆಟ್ಟು ಒತ್ತಾಕೆ."

ಸಾವಂತ್ರಮ್ಮನ ಕೈಯಲ್ಲಿದ್ದ ತಟ್ಟೆ ಬಿತ್ತು. "ಬಾಯಿ ಮುಚ್ಚೇ ಅಕ್ಕಾ! ಗಂಡ ಗುಂಡುಕಲ್ಲಿನಂಗೆ ಮನೆಯಾಗೆ ಕುಂತಿರುವಾಗ ಸತ್ತ ಅಂತ ಒತ್ತುತೀಯಾ? ನಿನ್ನ ಕುಂಕುಮ ತಿಂದು ನಾನು ಬದುಕಬೇಕಾ?"

"ನನ್ನ ಗಂಡನ ಬದಲಿಗೆ ನಿನ್ನ ಗಂಡ ಐದು ತಿಂಗಳು ಚೀಲ ಹೊತ್ತಾನೆ. ನಾನು ಒಂದು ಹೆಬ್ಬೆಟ್ಟು ಹೊರಾಕೆ ಆಗಲ್ವಾ? ಕಾಗದದಾಗೆ ಮುಂಡೆ ಆಗ್ತೀನಿ, ಆಗ್ಲಿ ಬಿಡು. ಕಾಗದಕ್ಕೆ ನಾನೇನು ಅಡಿಗೆ ಮಾಡಿ ಹಾಕ್ತೀನಾ?"

"ಜಯಪ್ಪಣ್ಣ ಏನಂದ?"

"ಅವನನ್ನ ಕೇಳಿದ್ದೇ ಇಲ್ಲ. ಸತ್ತೋರನ್ನ ಯಾರು ಕೇಳ್ತಾರೆ?" ಅಂದಳು ಚೌಡಕ್ಕ. ಅಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಸಾವಂತ್ರಮ್ಮನಿಗೆ ತಿಳಿಯಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದರು. ಚೌಡಕ್ಕ ಕುಂಕುಮ ಅಳಿಸಲಿಲ್ಲ, ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡಳು. ಬಳೆ ಒಡೆಯಲಿಲ್ಲ, ಮೊಣಕೈವರೆಗೆ ಏರಿಸಿ ಸೆರಗಿನೊಳಗೆ ಇಟ್ಟುಕೊಂಡಳು. ಕಾರ್ಯದರ್ಶಿ ತಲೆ ಎತ್ತಲೇ ಇಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಅವಳ ಕೈ ಮರದ ತುಂಡಿನಂತೆ ಬಿಗಿಯಾಗಿತ್ತು.

ಹೊರಗೆ ಬಂದ ಕೂಡಲೇ ಚೌಡಕ್ಕ ಎರಡು ಸಾವಿರವನ್ನೂ ಸಾವಂತ್ರಮ್ಮನ ಮಡಿಲಿಗೆ ಹಾಕಿ, ಹೊಳೆಗಿಳಿದು ತಲೆಗೆ ಮೂರು ಬೊಗಸೆ ತುಂಗಭದ್ರೆಯ ನೀರು ಹಾಕಿಕೊಂಡಳು. ಸಾವಂತ್ರಮ್ಮ ಆ ದುಡ್ಡಿನಲ್ಲಿ ಮಾಡಿದ ಮೊದಲ ಖರ್ಚು ಒಂದು ಡಜನ್ ಹಸಿರು ಬಳೆ. ಬಳೆಗಾರ ಸಾವಂತ್ರಮ್ಮನ ಕೈಯನ್ನೂ ಹಿಡಿಯಲು ಬಂದಾಗ ಅವಳು ಹಿಂದಕ್ಕೆ ಎಳೆದುಕೊಂಡು, "ನಮ್ಮಕ್ಕನಿಗೆ ಹಾಕಪ್ಪ. ಗಟ್ಟಿಯಾಗಿರೋವು ಹಾಕು" ಅಂದಳು.

ಆದರೆ ಜಯಪ್ಪ ಕಾಗದದಲ್ಲಿ ಸತ್ತಾಗಿತ್ತು. ಇನ್ನು ಅವನಿಗೆ ಕೆಲಸ ಹೇಗೆ? ಗೂಟದಲ್ಲಿದ್ದ ನಲವತ್ತೊಂದನ್ನು ಸಾವಂತ್ರಮ್ಮನೇ ತೆಗೆದು, ಹುಣಸೆಹಣ್ಣಿನಲ್ಲಿ ಉಜ್ಜಿ, ಅವನ ಕೈಗಿಟ್ಟಳು. ಆರು ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಕಾಲು ಇನ್ನೂ ಪೂರ್ತಿ ಕೂಡಿರಲಿಲ್ಲ. ಚೀಲ ಬೆನ್ನಿಗೇರಿಸಿಕೊಂಡು ಜಯಪ್ಪ ಹೊರಟಾಗ ಮಂಡಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತರು. ನಡುವೆ ಒಮ್ಮೆ ವಾಲಿದ. "ಗೋಣೆಪ್ಪಾ, ಎಡಕ್ಕೆ ಬಾ!" ಎಂದು ಓಬಳಪ್ಪ ಕೂಗಿದ. ಜಯಪ್ಪ ಎಡಕ್ಕೆ ತಿರುಗಿ, ಗೋಡೆ ಮುಟ್ಟಿ ಚೀಲ ಇಳಿಸಿದ.

ಮರುದಿನ ಬೆಳಗ್ಗೆ ಒಲೆಯ ಮುಂದೆ ಕೂತಿದ್ದ ಸಾವಂತ್ರಮ್ಮನಿಗೆ ಅಂಗಳದಿಂದ ಕೇಳಿತು. "ನಲವತ್ತೊಂದು, ಗೋಣೆಪ್ಪ!" ಆಮೇಲೆ, "ಇದೀನ್ರೀ." ದನಿ ಜಯಪ್ಪನದು. ಆದರೂ ಅವಳು ಕಣ್ಣೊರೆಸಿಕೊಂಡು ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಹೀಗೆ ಹನ್ನೊಂದು ವರ್ಷ. ಖಾನಾವಳಿಯ ಹೊಗೆಗೆ ಗೋಡೆ ಕಪ್ಪಾಯಿತು. ಸುಗ್ಗಿಯಲ್ಲಿ ದಿನಕ್ಕೆ ನೂರು ರೊಟ್ಟಿ ತಟ್ಟಿದರೂ ಅವಳ ಕಿವಿ ಬೆಳಗ್ಗೆ ಆ ಒಂದು ಹೆಸರಿಗೆ ಕಾಯುತ್ತಿತ್ತು. ಹಬ್ಬದ ರಜೆ ಬಂದರೆ ಎಲ್ಲರಿಗೂ ಖುಷಿ, ಅವಳಿಗೆ ಮಾತ್ರ ಏನೋ ಕಳೆದುಕೊಂಡಂತೆ.

ಎಂಬತ್ತೈದರ ಚಳಿಗಾಲ, ಒಂದು ಸೋಮವಾರ, ನಾಗೇಂದ್ರಪ್ಪ ಎರಡು ಸಲ ಕರೆದ. "ನಲವತ್ತೊಂದು, ಗೋಣೆಪ್ಪ! ಗೋಣೆಪ್ಪಾ!" ಉತ್ತರ ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಸಾವಂತ್ರಮ್ಮ ಹೊರಗೆ ಓಡಿದಳು. ಜಯಪ್ಪ ಮಲಗಿದವನು ಎದ್ದಿರಲಿಲ್ಲ. ಆ ದಿನ ಅವಳು ಅತ್ತ ಅಳುವನ್ನು ಗಂಡ ಸತ್ತಾಗಲೂ ಅತ್ತಿರಲಿಲ್ಲ ಅಂತ ಓಣಿಯವರು ಅಂದರು.

ಹೊನ್ನಾಳಿಯ ಕಚೇರಿಯಲ್ಲಿ ಈಗ ಬೇರೆ ಕಾರ್ಯದರ್ಶಿ. "ನಲವತ್ತೊಂದರ ಹೆಂಡತಿ ನೀವೇನಾ? ಯಾವಾಗ ತೀರಿಕೊಂಡರು?"

"ಹೋದ ಸೋಮವಾರ" ಅಂದಳು ಸಾವಂತ್ರಮ್ಮ. ಸುಳ್ಳು ಹೇಳಿದೆ ಅಂತ ಅವಳಿಗೆ ಅನ್ನಿಸಲಿಲ್ಲ.

ಗಂಡ ಹೋದ ಮೇಲೆ ಚೌಡಕ್ಕ ಗೋವಿನಕೋವಿ ಊರಿನ ತಮ್ಮನ ಹಿತ್ತಲ ಮನೆ ಸೇರಿದ್ದಳು. ದುಡ್ಡು ತಂದುಕೊಡಲಾ ಎಂದು ಸಾವಂತ್ರಮ್ಮ ಹೇಳಿ ಕಳಿಸಿದ್ದಕ್ಕೆ ಅವಳ ಉತ್ತರ ಬಂತು: "ದುಡ್ಡು ಒಂದೇ ಬಂದ್ರೆ ಬಾಗಿಲು ತೆಗೆಯಲ್ಲ. ರೊಟ್ಟಿ ಹಂಚೂ ತಗಂಡು ಬಾ ಅನ್ನು."

ಹೊರಡುವ ದಿನ ಬೆಳಗ್ಗೆ ಸಾವಂತ್ರಮ್ಮ ಒಲೆ ಸಾರಿಸಿ ರಂಗೋಲಿ ಎಳೆದಳು. ಹಂಚನ್ನು ಗೋಣಿಯಲ್ಲಿ ಸುತ್ತಿ, ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಿಲ್ಲೆ ಸಂಘಕ್ಕೆ ಹೋಗಿ ಗೂಟ ಬರಿದಾಗಿತ್ತು. ಬಸ್ಸಿಗೆ ಹೊತ್ತಾಗಿದ್ದರೂ ಹೊಸ್ತಿಲಲ್ಲಿ ನಿಂತಳು. ಅಂಗಳದಲ್ಲಿ ಹಾಜರಿ ನಡೆದಿತ್ತು.

"ಮೂವತ್ತೊಂಬತ್ತು, ಮೂಕಪ್ಪ!"

"ಇದೀನ್ರೀ."

"ನಲವತ್ತು, ಸಣ್ಣಪ್ಪ!"

"ಇದೀನ್ರೀ."

ನಾಗೇಂದ್ರಪ್ಪ ತಲೆ ಎತ್ತಿ ಅವಳ ಬಾಗಿಲ ಕಡೆ ನೋಡಿದ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

"ನಲವತ್ತೆರಡು" ಅಂದ.

ಸಾವಂತ್ರಮ್ಮ ಬಾಗಿಲು ಎಳೆದುಕೊಂಡು, ಹಂಚನ್ನು ತಲೆಯ ಮೇಲಿಟ್ಟು ಮೆಟ್ಟಿಲಿಳಿದಳು.