ಗೆರೆಗೆ ತಡವಾಗಿ ಬಂದ ನೆರಳು

ಪಾಂಡವಪುರದಾಚೆಯ ನಮ್ಮೂರ ದೇವಸ್ಥಾನದಲ್ಲಿ ದೊಡ್ಡಪ್ಪ ಅರ್ಚಕರಾಗಿದ್ದರು. ಅಂಗಳದ ಒಂದು ಚಪ್ಪಡಿಯ ನಡುವೆ ಮೊಣಕಾಲೆತ್ತರದ ಕಲ್ಲುಕಂಬ. ಅದರ ಬುಡದಿಂದ ಉತ್ತರಕ್ಕೂ ದಕ್ಷಿಣಕ್ಕೂ ತಾತ ಕೊರೆಸಿದ ಗೆರೆ. ಕಂಬದ ನೆರಳು ಗೆರೆಯ ಮೇಲೆ ಬಿದ್ದಾಗ ಮಧ್ಯಾಹ್ನದ ನೈವೇದ್ಯ.

ಕೆಲವು ವರ್ಷಗಳ ಹಿಂದೆ ನೆರಳು ಗೆರೆಗೆ ತಡವಾಗಿ ಬರತೊಡಗಿತು. ದೊಡ್ಡ ಭೂಕಂಪವೊಂದರಿಂದ ಭೂಮಿಯ ಅಕ್ಷವೇ ಸರಿದಿದೆ ಎಂದು ಟಿವಿಯಲ್ಲಿ ಹೇಳಿದ್ದನ್ನು ದೊಡ್ಡಪ್ಪ ಕೇಳಿದ್ದರು. ನೆರಳು ತಪ್ಪಿದ್ದೂ, ಮಳೆ ಹೊತ್ತುಗೆಟ್ಟಿದ್ದೂ ಅದರಿಂದಲೇ ಎಂದು ನಂಬಿದ್ದರು.

ಇದರಿಂದ ಹೆಚ್ಚು ಖುಷಿಯಾಗಿದ್ದು ಪಕ್ಕದ ಕಬ್ಬಿನ ಗದ್ದೆಯವನಿಗೆ. ನಾನು ರಜೆಗೆ ಬಂದವನು ಕಬ್ಬಿನ ಒಣಗರಿ ಸುಡುವ ಹೊಗೆ, ಬಿಸಿ, ಹವಾಮಾನ ಎಂದು ಶುರುಮಾಡಿದರೆ ಜಗಲಿಯಿಂದಲೇ ಕೂಗುತ್ತಿದ್ದ: "ಭೂಮಿನೇ ವಾಲ್ಕಂಡದೆ ಅಂತಾವ್ರೆ ಐನೋರು. ನಾನು ಸೋಗೆಗೆ ಬೆಂಕಿ ಇಕ್ಕುದ್ರೆ ಏನಾಯ್ತದೆ? ಸುಮ್ಕೆ ನನ್ ಮ್ಯಾಕೆ ಬರ್ಬೇಡ ಕಣಪ್ಪ."

ಭೂಕಂಪದಿಂದ ದಿನದ ಉದ್ದ ಬದಲಾಗುವುದು ನಿಜ, ಆದರೆ ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು ಮಾತ್ರ ಎಂದು ವಿವರಿಸಿದೆ.

"ಅಂದ್ರೆ ಬದ್ಲಾಯ್ತದೆ ತಾನೇ? ಒಪ್ಕಂಡ್ಬುಟ್ಟ ನೋಡ್ರಪ್ಪ!" ಎಂದ ಅವನು.

ದೊಡ್ಡಪ್ಪ ಮಾತ್ರ ನಗದೆ ಕೇಳಿದರು: "ಅಷ್ಟು ಚೂರು ನಮ್ಮ ಕಂಬದ ನೆರಳಲ್ಲಿ ಕಾಣುತ್ತೇನೋ?"

"ಕಾಣಲ್ಲ ದೊಡ್ಡಪ್ಪ."

ದೊಡ್ಡಪ್ಪ ಕಂಬದ ಕಡೆ ತಿರುಗಿದರು. "ಟೈಲ್ಸ್ ಹಾಕಿಸುವಾಗ ಚಪ್ಪಡಿ ಎತ್ತಿಸಿದ್ದೆ. ಟೈಲ್ಸ್ ಸಾಲಿಗೆ ಸರಿಯಾಗಿರಲಿ ಅಂತ ನಾನೇ ನಿಂತು ಚೂರು ತಿರುಗಿಸಿ ಕೂರಿಸಿದೆ."

"ಅಯ್ಯೋ ಐನೋರೆ, ವಾಲಿರಾದು ಭೂಮಿ ಅಲ್ಲ, ನಿಮ್ ಚಪ್ಪಡಿ!"

ದೊಡ್ಡಪ್ಪನೂ ನಕ್ಕರು ಎಂದೇ ನನ್ನ ನೆನಪು. ನಕ್ಕಿರಲಿ ಎಂಬ ಆಸೆಯಿಂದ ಆಮೇಲೆ ನಾನೇ ಸೇರಿಸಿಕೊಂಡಿದ್ದರೂ ಇರಬಹುದು.

ಗೆರೆಯನ್ನು ಹೊಸದಾಗಿ ಎಳೆಯಬೇಕು ಎಂದು ಹಟ ಹಿಡಿದರು. ಅವರ ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳದು ಎಂದು ಡಾಕ್ಟರು ಹೇಳಿಯಾಗಿತ್ತು. ಉಳಿದ ದೃಷ್ಟಿಯೂ ಹೋಗುವುದರೊಳಗೆ ತಾವೇ ನೋಡಿ ಎಳೆಯಬೇಕು. ಕಂಬದ ಸುತ್ತ ಸೀಮೆಸುಣ್ಣದ ವೃತ್ತ. ನೆರಳಿನ ತುದಿ ಬೆಳಿಗ್ಗೆ ಅದನ್ನು ಮುಟ್ಟುವಲ್ಲಿ ಒಂದು ಚುಕ್ಕೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವಲ್ಲಿ ಇನ್ನೊಂದು. ಎರಡರ ನಟ್ಟನಡುವಿಗೆ ಕಂಬದಿಂದ ಗೆರೆ. ಒಂದೇ ದಿನ ಎರಡು ಹೊತ್ತೂ ಬಿಸಿಲು ಸಿಕ್ಕರೆ ಸಾಕಿತ್ತು.

ಸಿಗಲಿಲ್ಲ. ನಾನಿದ್ದಷ್ಟು ದಿನವೂ ಬೆಳಗಿನ ಚುಕ್ಕೆ ಬೀಳುತ್ತಿತ್ತು, ಮಧ್ಯಾಹ್ನ ಮೋಡ ಮುಚ್ಚುತ್ತಿತ್ತು. "ಮಾಘದಲ್ಲಿ ಮೋಡವೇನೋ!" ಎನ್ನುತ್ತ ದೊಡ್ಡಪ್ಪ ಸಂಜೆ ಚುಕ್ಕೆ ಒರೆಸುತ್ತಿದ್ದರು. ಹಿಂದೆ ಮಾಘದಲ್ಲಿ ಮೋಡವೇ ಇರಲಿಲ್ಲವೆ? ನನ್ನ ಬಾಲ್ಯದ ಆಕಾಶವೆಲ್ಲ ನೀಲಿಯಾಗಿಯೇ ನೆನಪಿದೆ. ಅದನ್ನು ಸಾಕ್ಷಿ ಎನ್ನಲಾರೆ. ಕೆಲವು ದಿನಗಳ ಮೋಡ ಹಿಡಿದು ವಾದ ಗೆಲ್ಲಲೂ ಆಗದು. ರಜೆ ಮುಗಿಯಿತು, ಶ್ರೀರಂಗಪಟ್ಟಣಕ್ಕೆ, ಕೆಲಸಕ್ಕೆ ಹಿಂತಿರುಗಿದೆ. ಮುಂದಿನ ಮಾಘದ ಹೊತ್ತಿಗೆ ದೊಡ್ಡಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ಈಗ ಪೂಜೆ ಮಾಡುವವರು ಫೋನಿನಲ್ಲಿ ಗಂಟೆ ನೋಡುತ್ತಾರೆ. ಕಳೆದ ತಿಂಗಳು ಹೋದಾಗ ಇಡೀ ದಿನ ಬಿಸಿಲಿತ್ತು. ಎರಡೂ ಚುಕ್ಕೆ ಸಿಕ್ಕವು. ಗೆರೆ ಎಳೆದು, ದೊಡ್ಡಪ್ಪನನ್ನು ಕರೆತಂದು ಕೂರಿಸಿ, ಅವರ ಬೆರಳನ್ನು ಅದರ ಮೇಲಿಟ್ಟೆ. ಸೀಮೆಸುಣ್ಣ ಬೆರಳಿಗೆ ತಿಳಿಯಲಿಲ್ಲ. ಬೆರಳು ಅತ್ತಿತ್ತ ತಡಕಾಡಿ, ತಾತ ಕೊರೆಸಿದ ಹಳೆಯ ಗೆರೆಯೊಳಗೆ ಇಳಿದು ನಿಂತಿತು.

"ಇಲ್ಲೇ ಇದೆಯಲ್ಲೋ," ಎಂದರು.