ಫ್ರೀ ಥ್ರೋ ನಡುವೆ ಸನ್ಮಾನ

ಬ್ಯಾಸ್ಕೆಟ್‌ಬಾಲ್ ಪಂದ್ಯದ ಸಮಯ ಮುಗಿದು, ಒಂದೇ ಒಂದು ಫ್ರೀ ಥ್ರೋ ಬಾಕಿ ಇತ್ತು. ಬಿದ್ದರೆ ಸಮಬಲ, ತಪ್ಪಿದರೆ ಸೋಲು. ಭೇರ್ಯ ತಂಡದ ಹುಡುಗಿ ಚೆಂಡು ಎತ್ತಿದ್ದೇ ತಡ, ಹುಣಸೂರಿನ ಆ ಮೈದಾನದ ಧ್ವನಿವರ್ಧಕ ಅಬ್ಬರಿಸಿತು: ಮಧ್ಯಾಹ್ನದ ಊಟದ ದಾನಿಗಳು ಬಂದಿದ್ದಾರೆ, ಜೋರಾದ ಚಪ್ಪಾಳೆ ಬರಲಿ! ಬೆಚ್ಚಿದ ಹುಡುಗಿಯ ಚೆಂಡು ರಿಂಗಿಗೂ ತಾಗಲಿಲ್ಲ.

ಆ ಪಂದ್ಯಕ್ಕೆ ನಾನೇ ರೆಫರಿ. ಇನ್ನೊಮ್ಮೆ ಎಸೆಯಲು ಬಿಡುತ್ತೇನೆ, ಇರು ಎಂದು ಅವಳಿಗೆ ಹೇಳಿ, ಮೈಕಿನವರನ್ನು ಗದರಲು ಹೋದೆ. ಮದುವೆಗೂ ಚುನಾವಣೆಗೂ ಒಂದೇ ಗಂಟಲನ್ನು ಬಾಡಿಗೆಗೆ ಕೊಡುವ ಮಹಾನುಭಾವರು ಅವರು. ನಾನು ಬಾಯಿ ತೆರೆಯುವ ಮೊದಲೇ ಮೈಕಿನಲ್ಲಿ ಕೂಗಿದರು: ‘ರೆಫರಿ ಸಾಹೇಬ್ರೇ ವೇದಿಕೆ ತಾವ್ಕೆ ಬಂದವ್ರೆ ಕಣ್ರಪ್ಪೋ! ದಾನಿಗಳ ಕೈಲೇ ಸನ್ಮಾನ ಮಾಡಿಸ್ಬುಡನ!’

ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ ಬಿತ್ತು. ಗದರಲು ಹೋದವನು ಫೋಟೊಗೆ ಹಲ್ಲು ಕಿರಿದೆ. ಅಷ್ಟರಲ್ಲಿ ಮೈಕಿನವರು ಎದುರಾಳಿ ತಂಡ ಗೆದ್ದಿತೆಂದು ಘೋಷಿಸಿಬಿಟ್ಟಿದ್ದರು. ಅಂಕಣದ ತುಂಬ ಜನ ಕುಣಿಯುತ್ತಿದ್ದರು. ಹುಡುಗಿ ಮಾತ್ರ ಗೆರೆಯ ಹಿಂದೆ ಅಲ್ಲೇ ನಿಂತಿದ್ದಳು.

‘ಸಾ, ಈಗ ಎಸೀಲಾ?’

ಮೈಕಿನವರನ್ನು ಬೈಯಬೇಕೆನಿಸಿದಾಗಲೆಲ್ಲ ನನಗೆ ನೆನಪಾಗುತ್ತದೆ: ಸೀಟಿ ಆಗಲೂ ನನ್ನ ಕೊರಳಲ್ಲೇ ಇತ್ತು, ಶಾಲಿನ ಅಡಿಯಲ್ಲಿ. ನಾನು ಅದನ್ನು ಊದಲಿಲ್ಲ.